ನಮ್ಮನ್ನೂ ಕುರಿ ಅಂದುಕೊಂಡಿದ್ದ ಸೀಜರ್

ಮಕ್ಕಳು ನಾಯಿ ಬೇಕು ಅಂತ ಹಟ ಹಿಡಿದಿದ್ದಾರೆ, ಅದೂ ಜರ್ಮನ್ ಶೆಫರ್ಡೇ ಬೇಕಂತೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹೇಳ್ತೀನಿ, ಮೊದಲು ನಮ್ಮ ಸೀಜರ್ ಕಥೆ ಕೇಳಿ.

1986ನೇ ಇಸವಿ. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆ. ಸುತ್ತ ಖಾಲಿ ಸೈಟುಗಳು, ಕತ್ರಿಗುಪ್ಪೆ ಕಡೆ ಹೋದರೆ ಬರೀ ಬಯಲು. ಅಪ್ಪ ಒಂದು ಸಂಜೆ ತರಕಾರಿ ಚೀಲದಲ್ಲಿ ಆಲ್ಸೇಷಿಯನ್ ಮರಿ ತಂದರು. ಜರ್ಮನ್ ಶೆಫರ್ಡನ್ನು ನಾವು ಆಗ ಕರೆಯುತ್ತಿದ್ದದ್ದು ಹಾಗೆ. ಎರಡು ವರ್ಷಕ್ಕೆಲ್ಲ ಅದು 35 ಕೆಜಿ ಆಯಿತು. ನಾನು ಆಗ 22 ಕೆಜಿ. ಯಾರು ಯಾರನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದರು ಅಂತ ಹೇಳಬೇಕಾಗಿಲ್ಲ ಅಲ್ವಾ.

ಬೇಸಿಗೆ ರಜೆಗೆ ಅತ್ತೆ ಮಕ್ಕಳು, ಚಿಕ್ಕಪ್ಪನ ಮಕ್ಕಳು ಎಲ್ಲ ಸೇರಿ ಏಳು ಜನ. ಪಕ್ಕದ ಸೈಟಿನಲ್ಲಿ ಲಗೋರಿ. ಚೆಂಡು ತಗುಲಿ ಕಲ್ಲು ಬಿದ್ದ ತಕ್ಷಣ ಎಲ್ಲರೂ ಚದುರಿ ಓಡಬೇಕು, ಆಟವೇ ಅದು. ಆದರೆ ಸೀಜರ್‌ಗೆ ಚದುರುವುದು ಅಂದರೆ ಆಗುತ್ತಿರಲಿಲ್ಲ. ತಲೆ ತಗ್ಗಿಸಿ, ದೊಡ್ಡ ಸುತ್ತು ಹೊಡೆದು, ಒಬ್ಬೊಬ್ಬರನ್ನೇ ಮೊಣಕಾಲಿನ ಹಿಂದೆ ಮೂತಿಯಿಂದ ತಳ್ಳಿ ಒಂದೇ ಕಡೆ ಗುಂಪು ಮಾಡುತ್ತಿತ್ತು. ಮಾತು ಕೇಳದವರ ಚಡ್ಡಿಗೆ ಬಾಯಿ ಹಾಕುತ್ತಿತ್ತು. ಮೂರು ವರ್ಷದ ತಮ್ಮ ಗೇಟಿನ ಕಡೆ ಹೆಜ್ಜೆ ಇಟ್ಟರೆ ಸಾಕು, ಹೋಗಿ ಅಡ್ಡ ನಿಲ್ಲುತ್ತಿತ್ತು. ಬೊಗಳುತ್ತಿರಲಿಲ್ಲ, ಸುಮ್ನೆ ಗೋಡೆ ಥರ ನಿಲ್ಲೋದು. ಅವನು ಅತ್ತು ಕರೆದು ಬೆನ್ನಿಗೆ ಗುದ್ದಿದರೂ ಕದಲುತ್ತಿರಲಿಲ್ಲ.

ಒಮ್ಮೆ ನಿಜವಾದ ಕುರಿಗಳೇ ಬಂದವು. ಆಗೆಲ್ಲ ಕುರುಬರು ಮಂದೆ ಹೊಡೆದುಕೊಂಡು ನಮ್ಮ ಸೈಟುಗಳ ನಡುವೆಯೇ ಹೋಗುತ್ತಿದ್ದರು. ಸೀಜರ್ ಚೈನು ಕಿತ್ತುಕೊಂಡು ಓಡಿತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದ ಯಜಮಾನರು ಕೋಲು ಎತ್ತಿದರು, ಅಮ್ಮ ಕಿರುಚಿದರು. ಅದು ಒಂದನ್ನೂ ಕಚ್ಚಲಿಲ್ಲ. ಮಂದೆಯ ಹಿಂದೆ ಬಳಸಿ ಬಂದು, ಅಷ್ಟನ್ನೂ ಒತ್ತಟ್ಟಿಗೆ ಸೇರಿಸಿ, ನೇರ ನಮ್ಮ ಕಾಂಪೌಂಡಿಗೆ ನುಗ್ಗಿಸಿತು! ಅಜ್ಜಿಯ ಕನಕಾಂಬರ ಹೋಯಿತು, ದಾಸವಾಳ ಹೋಯಿತು. ಯಜಮಾನರು ಕೋಲು ಕೆಳಗಿಟ್ಟು, "ಅಮ್ಮಾ, ಇದನ್ನ ಕೊಟ್ಬಿಡಿ, ಎರಡು ಕುರಿ ಕೊಡ್ತೀನಿ" ಅಂದರು. ಅಜ್ಜಿ ನಮ್ಮ ಕಡೆ ಕೈ ತೋರಿಸಿ, "ಇವನ್ನ ಕಾಯೋರು ಯಾರಪ್ಪಾ?" ಅಂದರು.

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ಇದನ್ನು ಕರೆಯುವುದೇ ಶೇಫರ್‌ಹುಂಡ್ ಅಂತ. ಅಂದರೆ ಕುರುಬನ ನಾಯಿ. 1899ರಲ್ಲಿ ಫಾನ್ ಸ್ಟೆಫಾನಿಟ್ಸ್ ಅನ್ನೋ ಕುದುರೆ ಪಡೆಯ ಅಧಿಕಾರಿ ಇಲ್ಲೇ ಹತ್ತಿರದ ಕಾರ್ಲ್ಸ್‌ರೂಎ ನಾಯಿ ಪ್ರದರ್ಶನದಲ್ಲಿ ಒಂದು ನಾಯಿ ನೋಡಿ, ಅಲ್ಲೇ ಕೊಂಡು, ಅದರಿಂದಲೇ ಈ ತಳಿಯ ಲೆಕ್ಕ ಶುರು ಮಾಡಿದ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರಿಗೆ ಜರ್ಮನ್ ಅನ್ನೋ ಮಾತೇ ಆಗದೆ ಆಲ್ಸೇಷಿಯನ್ ಅಂತ ಹೆಸರು ಬದಲಾಯಿಸಿದರು. ನಾಯಿ ತಳಿಗಳನ್ನು ನೋಂದಾಯಿಸುವ ಅವರ ಕೆನಲ್ ಕ್ಲಬ್ 1977ರಲ್ಲಿ ಹಳೇ ಹೆಸರಿಗೇ ಮರಳಿತ್ತು. ನಮ್ಮ ಬೀದಿಗೆ ಮಾತ್ರ ಆ ಸುದ್ದಿ ಬಂದಿರಲಿಲ್ಲ.

ಊಟ ರಾಗಿ ಮುದ್ದೆ. ಭಾನುವಾರ ಅದರ ಜೊತೆ ಮೂಳೆ ಬೇಯಿಸಿದ ನೀರು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ನಮಗಿಂತ ಮೊದಲು ಕಲಿತದ್ದು ಸೀಜರ್. ಇಲ್ಲಿ ನನ್ನ ಮಗಳು ಈಗಲೂ ಚೂಯಿಂಗ್ ಗಮ್ ಥರ ಅಗಿಯುತ್ತಾಳೆ.

ಇನ್ನೊಂದು ತಮಾಷೆ. ಅಪ್ಪ ಮನೆಯಲ್ಲಿ ಒಂದು ಪದ ಇಂಗ್ಲಿಷ್ ಆಡಿದವರಲ್ಲ. ನಾಯಿ ಹತ್ತಿರ ಮಾತ್ರ "ಸಿಟ್, ಕಮ್, ನೋ ನೋ!" ಅದು ಅವರ ಮುಖ ನೋಡುತ್ತಾ ನಿಂತಿರುತ್ತಿತ್ತು. ಅಜ್ಜಿ ಒಳಗಿಂದ "ಬಾರೋ ಸೀಜಾ" ಅಂದರೆ ಓಡಿಹೋಗುತ್ತಿತ್ತು.

ಕೂದಲಿನ ಬಗ್ಗೆ ಕೇಳಲೇಬೇಡಿ. ದೋಸೆ ಹಿಟ್ಟಿನಲ್ಲೂ ಸಿಕ್ಕಿದೆ. ದೀಪಾವಳಿ ಮೂರು ದಿನ ಅಷ್ಟು ದೊಡ್ಡ ನಾಯಿ ಮಂಚದ ಕೆಳಗೆ ನಡುಗುತ್ತಿತ್ತು. ಕೊನೆಕೊನೆಗೆ ಹಿಂಗಾಲು ಬಿದ್ದುಹೋಯಿತು. ಈ ಜಾತಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ. ಅಪ್ಪ ಹಳೇ ಪಂಚೆಯನ್ನು ಅದರ ಹೊಟ್ಟೆಗೆ ಕಟ್ಟಿ ಎತ್ತಿ ನಡೆಸುತ್ತಿದ್ದರು. ಹನ್ನೊಂದು ವರ್ಷ ಇತ್ತು.

ಈಗ ನಿಮ್ಮ ಪ್ರಶ್ನೆ. ಬೇಡ ಅಂತಲೇ ನನ್ನ ಅಭಿಪ್ರಾಯ. ಮನೆ ಮಾಲೀಕರ ಒಪ್ಪಿಗೆ, ನಗರಸಭೆಗೆ ವರ್ಷವರ್ಷ ನಾಯಿ ತೆರಿಗೆ, ಇದೆಲ್ಲ ಹೇಗೋ ಆಗುತ್ತೆ. ಆದರೆ ಸೀಜರ್‌ನ ಸಾಕಿದ್ದು ನಾವು ಮಕ್ಕಳಲ್ಲ, ಇಡೀ ದಿನ ಮನೆಯಲ್ಲಿರುತ್ತಿದ್ದ ಅಜ್ಜಿ. ನಿಮ್ಮಲ್ಲೂ ಇಬ್ಬರೂ ಕೆಲಸಕ್ಕೆ ಹೋಗ್ತೀರಿ. ಈ ನಾಯಿಗೆ ಕೆಲಸ ಇಲ್ಲದಿದ್ದರೆ ಸೋಫಾ ಉಳಿಯಲ್ಲ. ಜನವರಿ ಬೆಳಗ್ಗೆ ಆರಕ್ಕೆ, ಆ ಚಳಿಯಲ್ಲಿ ನೀವೇ ಎದ್ದು ಹೋಗುವುದಾದರೆ ತನ್ನಿ. ಮಕ್ಕಳು ಹೋಗ್ತಾರೆ ಅಂತ ಮಾತ್ರ ತರಬೇಡಿ.

ನಾವು ತಂದಿಲ್ಲ. ಕೆಳಗಿನ ಮನೆಯ ಅಜ್ಜಿ ಹತ್ತಿರ ಒಂದು ಶೇಫರ್‌ಹುಂಡ್ ಇದೆ, ಹೆಣ್ಣು. ಶನಿವಾರ ಮಗಳು ಅಜ್ಜಿ ಜೊತೆ ಅದನ್ನು ಕರೆದುಕೊಂಡು ಹೋಗುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವವಳು, ಆ ನಾಯಿ ಹತ್ತಿರ ಮಾತ್ರ ಅಪ್ಪಟ ಕನ್ನಡ. "ಬಾರೇ ಇಲ್ಲಿ, ಕೂತ್ಕೋ." ಅದೂ ಬಂದು ಕೂರುತ್ತೆ. ಈಗ ಆ ಅಜ್ಜಿಯೂ "ಬಾರೇ" ಅಂತಾರೆ. ರೇ ಮಾತ್ರ ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.