ಈವೆಂಟ್ ಬಂದು ಕೂತಿದ್ದರೂ ಪ್ರೊಸೆಸ್ ಏಳುತ್ತಿಲ್ಲ

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಹವ್ಯಾಸಕ್ಕೆ ಬರೆಯುತ್ತಿರುವ ಪುಟ್ಟ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳು) ಈವೆಂಟ್ ಸೂಚನೆ ಸೇರಿಸುತ್ತಿದ್ದೇನೆ. ಒಂದೇ ಸಿಪಿಯು, ಪ್ರತಿ ಪ್ರೊಸೆಸ್‌ಗೂ 64 ಜಾಗದ ರಿಂಗ್ ಬಫರ್ (ಕೊನೆ ಮುಟ್ಟಿದರೆ ಮತ್ತೆ ಮೊದಲಿಂದ ತುಂಬುವ ಸಾಲು). ಕೀಬೋರ್ಡ್, ಸೀರಿಯಲ್, ನೆಟ್‌ವರ್ಕ್, ಯಾವುದರ ಇಂಟರಪ್ಟ್ (ಸಾಧನ ಸಿಪಿಯುವನ್ನು ತಡೆದು ಕರೆಯುವ ಸಂಕೇತ) ಬಂದರೂ ಅದಕ್ಕೆ ಓಗೊಡುವ ಹ್ಯಾಂಡ್ಲರ್ ಕೋಡ್ ಒಂದು ಈವೆಂಟ್ ತುಂಬಿ ಪ್ರೊಸೆಸನ್ನು ಎಬ್ಬಿಸುತ್ತದೆ. ಕಾಯುವ ಸಿಸ್ಟಂ ಕಾಲ್ ಬಫರ್ ನೋಡಿ, ಖಾಲಿಯಿದ್ದರೆ ಪ್ರೊಸೆಸನ್ನು ಮಲಗಿಸುತ್ತದೆ.

ತೊಂದರೆ ಎರಡು. ಒಮ್ಮೊಮ್ಮೆ ಬಫರ್‌ನಲ್ಲಿ ಈವೆಂಟ್ ಇದ್ದರೂ ಪ್ರೊಸೆಸ್ ಮಲಗೇ ಇರುತ್ತದೆ. ಇನ್ನೊಂದು ಕೀ ಒತ್ತಿದರೆ ಎರಡೂ ಒಟ್ಟಿಗೆ ಬರುತ್ತವೆ. ಹುಡುಕಲು ಪ್ರಿಂಟ್ ಹಾಕಿದರೆ ತೊಂದರೆಯೇ ಕಾಣಿಸುವುದಿಲ್ಲ. ಇನ್ನೊಂದು, ಪ್ಯಾಕೆಟ್‌ಗಳು ಸುರಿದಾಗ ಕೀಬೋರ್ಡ್ ಈವೆಂಟ್ ಕಳೆದುಹೋಗುತ್ತದೆ. ಬಫರನ್ನು 1024ಕ್ಕೆ ಏರಿಸಿದರೆ ಸಾಕೇ?

ಉತ್ತರ 1
ಮೊದಲನೆಯದು ಲಾಸ್ಟ್ ವೇಕಪ್, ಅಂದರೆ ಎಬ್ಬಿಸುವ ಕರೆ ಕಳೆದುಹೋಗುವುದು. ಪ್ರಿಂಟ್ ಹಾಕಿದೊಡನೆ ಮಾಯವಾಗುತ್ತದೆ ಎಂದಿರಲ್ಲ, ಅದೇ ಸುಳಿವು: ಪ್ರಿಂಟ್ ಸಮಯವನ್ನು ಬದಲಿಸುತ್ತದೆ. ನೀವು ಬಫರ್ ಖಾಲಿ ಎಂದು ನೋಡಿದಿರಿ, ಇನ್ನೂ ಮಲಗಿಲ್ಲ; ಆ ಸಂದಿಯಲ್ಲಿ ಇಂಟರಪ್ಟ್ ಬಂತು. ಹ್ಯಾಂಡ್ಲರ್ ಈವೆಂಟ್ ತುಂಬಿ ಎಬ್ಬಿಸಲು ಹೋದರೆ ಪ್ರೊಸೆಸ್ ಎದ್ದೇ ಇದೆ, ಹಾಗಾಗಿ ಏನೂ ಮಾಡದೆ ಮರಳುತ್ತದೆ. ಆಮೇಲೆ ನೀವು ಮಲಗುತ್ತೀರಿ. ಎಬ್ಬಿಸುವವರು ಬಂದು ಹೋಗಿಯಾಯಿತು.

ಬಫರ್ ನೋಡುವುದು, ಸ್ಥಿತಿಯನ್ನು ‘ಮಲಗಿದೆ’ ಎಂದು ಬದಲಿಸುವುದು, ಶೆಡ್ಯೂಲರ್ ಕರೆಯುವುದು, ಈ ಮೂರೂ ಇಂಟರಪ್ಟ್ ಮುಚ್ಚಿದಾಗಲೇ ನಡೆಯಲಿ. ಮುಂದಿನ ಪ್ರೊಸೆಸ್‌ಗೆ ಸ್ವಿಚ್ ಆದ ಮೇಲೆ ತೆರೆಯಿರಿ. ಎದ್ದ ಮೇಲೂ ‘ಇಫ್’ ಸಾಲದು, ‘ವೈಲ್’ ಹಾಕಿ ಮತ್ತೆ ಪರೀಕ್ಷಿಸಿ. ಮುಂದೆ ಎರಡನೇ ಸಿಪಿಯು ಸೇರಿಸಿದರೆ ಇದರ ಜೊತೆಗೆ ಸ್ಪಿನ್‌ಲಾಕ್ (ಸಿಗುವವರೆಗೂ ಸಿಪಿಯು ಸುತ್ತುತ್ತಾ ಕಾಯುವ ಬೀಗ) ಕೂಡ ಬೇಕು. ಪಾಠಕ್ಕೆಂದೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಂ ಎಕ್ಸ್‌ವಿ6ನ ಸ್ಲೀಪ್ ಫಂಕ್ಷನ್ ಒಂದು ಲಾಕನ್ನು ಆರ್ಗ್ಯುಮೆಂಟ್ ಆಗಿ ಕೇಳುವುದು ಈ ಸಂದಿಯನ್ನು ಮುಚ್ಚಲಿಕ್ಕೇ. ಆ ಕೋಡ್ ತುಂಬಾ ಚಿಕ್ಕದು, ಒಮ್ಮೆ ಓದಿ.

ಉತ್ತರ 2
1024 ಮಾಡಬೇಡಿ, ದಯವಿಟ್ಟು. ಎಷ್ಟು ಏರಿಸಿದರೂ ಒಂದು ದಿನ ತುಂಬಿಯೇ ತುಂಬುತ್ತದೆ. ಪ್ರೊಸೆಸ್‌ಗೆ ತಿಳಿಯಬೇಕಾದ್ದು ಎಷ್ಟು ಸಲ ಪ್ಯಾಕೆಟ್ ಬಂತು ಎಂಬುದಲ್ಲ, ಸಾಕೆಟ್‌ನಲ್ಲಿ (ಪ್ರೋಗ್ರಾಂ ನೆಟ್‌ವರ್ಕ್ ಓದುವ ತುದಿ) ಈಗ ಓದಲು ಏನಾದರೂ ಇದೆಯೇ ಎಂಬುದು.

2000ದಲ್ಲಿ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂನ 4.1ರ ಜೊತೆ ಬಂದ ಈವೆಂಟ್ ಸೂಚನೆಯ ವ್ಯವಸ್ಥೆ ಕೆಕ್ಯೂ ನೋಡಿ. ಪ್ರೋಗ್ರಾಂ ‘ಇದರ ಮೇಲೆ ಕಣ್ಣಿಡು’ ಎಂದು ನೋಂದಾಯಿಸಿದಾಗಲೇ ಕರ್ನಲ್ ಒಂದು ‘ನೋಟ್’ ರಚನೆಗೆ ಮೆಮೊರಿ ತೆಗೆದಿಡುತ್ತದೆ. ಈವೆಂಟ್ ಆದಾಗ ಆ ನೋಟನ್ನು ಸಿದ್ಧ ಪಟ್ಟಿಗೆ ಕೊಂಡಿ ಹಾಕಿದರೆ ಮುಗಿಯಿತು. ಈಗಾಗಲೇ ಪಟ್ಟಿಯಲ್ಲಿದ್ದರೆ ಮತ್ತೆ ಹಾಕುವುದಿಲ್ಲ. ಸಾವಿರ ಪ್ಯಾಕೆಟ್ ಬಂದರೂ ಪಟ್ಟಿಯಲ್ಲಿ ಒಂದೇ ನೋಟ್, ಕೀಬೋರ್ಡ್‌ಗೆ ಅದರದೇ ಇನ್ನೊಂದು. ಪಟ್ಟಿ ಉಕ್ಕುವ ಪ್ರಶ್ನೆಯೇ ಇಲ್ಲ, ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ ಮೆಮೊರಿ ಕೇಳುವ ಅಪಾಯವೂ ಇಲ್ಲ.

ಪ್ರತಿ ಈವೆಂಟೂ ಬೇರೆಯೇ ಆಗಿರುವ ಕಡೆ ಮಾತ್ರ ಕ್ಯೂ ಬೇಕು. ಫೈಲ್‌ಗಳ ಬದಲಾವಣೆ ತಿಳಿಸುವ ಲಿನಕ್ಸ್‌ನ ಐನೋಟಿಫೈ ಹಾಗಿದೆ, ಯಾವ ಫೈಲ್‌ಗೆ ಏನಾಯಿತು ಎಂದು ಹೇಳಬೇಕಲ್ಲ. ಅಲ್ಲೂ ಕ್ಯೂ ತುಂಬಿದರೆ ‘ಉಕ್ಕಿತು’ ಎಂಬ ಈವೆಂಟನ್ನೇ ಕೊಡುತ್ತದೆ. ಸದ್ದಿಲ್ಲದೆ ಬಿಸಾಡುವುದು ಮಾತ್ರ ಕೂಡದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ಇಂಟರಪ್ಟ್ ಮುಚ್ಚಿದ ಮೇಲೆ ಮಲಗೇ ಉಳಿಯುವುದು ನಿಂತಿದೆ. ನೋಟ್ ಪಟ್ಟಿಯನ್ನೂ ಬರೆದೆ, ಕೀಬೋರ್ಡ್ ಈವೆಂಟ್ ತಪ್ಪುತ್ತಿಲ್ಲ. ಆದರೆ ಸೀರಿಯಲ್‌ನಲ್ಲಿ 40 ಬೈಟ್ ಇದ್ದು, ಪ್ರೋಗ್ರಾಂ 16 ಓದಿ ಮತ್ತೆ ಕಾಯಲು ಬಂದರೆ ಮಲಗಿಬಿಡುತ್ತದೆ. ಉಳಿದ 24ಕ್ಕೆ ಇನ್ನೊಮ್ಮೆ ಸೂಚನೆ ಕೊಡಬೇಕೇ?

ಉತ್ತರ 2
ಸೂಚನೆ ಕೊಟ್ಟ ಕೂಡಲೇ ನೋಟನ್ನು ಪಟ್ಟಿಯಿಂದ ತೆಗೆಯುತ್ತಿದ್ದೀರಿ ಅನಿಸುತ್ತದೆ. ಅದು ಎಡ್ಜ್ ಟ್ರಿಗರ್ ಆಯಿತು, ಅಂದರೆ ಹೊಸದು ಬಂದಾಗ ಮಾತ್ರ ಸೂಚನೆ. ಆ ಪದ್ಧತಿಯಲ್ಲಿ ‘ಇನ್ನೇನೂ ಇಲ್ಲ’ ಎಂಬ ಉತ್ತರ ಬರುವವರೆಗೂ ಪ್ರೋಗ್ರಾಂ ಓದುತ್ತಲೇ ಇರಬೇಕು.

ಬದಲಿಗೆ ಕೊಟ್ಟ ಮೇಲೂ ಪಟ್ಟಿಯಲ್ಲೇ ಬಿಡಿ. ಮುಂದಿನ ಸಲ ಕಾಯಲು ಬಂದಾಗ ‘ಇನ್ನೂ ಇದೆಯೇ?’ ಎಂದು ಡ್ರೈವರನ್ನು ಕೇಳಿ, ಇಲ್ಲ ಎಂದರೆ ಆಗ ತೆಗೆಯಿರಿ. ಇದು ಲೆವೆಲ್ ಟ್ರಿಗರ್, ಓದಲು ಉಳಿದಿರುವವರೆಗೂ ಸೂಚನೆ. ಕೆಕ್ಯೂ, ಲಿನಕ್ಸ್‌ನಲ್ಲಿ ಅದೇ ಕೆಲಸದ ಎಪೋಲ್, ಎರಡರಲ್ಲೂ ಫ್ಲ್ಯಾಗ್ ಕೊಡದಿದ್ದರೆ ಸಿಗುವುದು ಇದೇ. ನೀವೂ ಅದನ್ನೇ ಇಟ್ಟುಕೊಳ್ಳಿ, ಎಡ್ಜ್ ಬೇಕೆಂದವರು ಫ್ಲ್ಯಾಗ್ ಹಾಕಿ ಕೇಳಲಿ.

ಫೈಲ್ ಮುಚ್ಚುವ ಕೋಡನ್ನೂ ಈಗಲೇ ನೋಡಿಬಿಡಿ. ನೋಟ್ ಡ್ರೈವರ್‌ನ ಪಟ್ಟಿಯಲ್ಲೂ ಇರುತ್ತದೆ, ಸಿದ್ಧ ಪಟ್ಟಿಯಲ್ಲೂ ಇರಬಹುದು. ಎರಡರಿಂದಲೂ ಇಂಟರಪ್ಟ್ ಮುಚ್ಚಿ ಬಿಡಿಸಿದ ಮೇಲಷ್ಟೇ ಮೆಮೊರಿ ಬಿಡುಗಡೆ ಮಾಡಿ. ಇಲ್ಲದಿದ್ದರೆ ಮುಂದಿನ ಇಂಟರಪ್ಟ್ ಬಿಡುಗಡೆಯಾದ ಮೆಮೊರಿಗೇ ಬರೆಯುತ್ತದೆ.