ಅಪ್‌ಡೇಟ್: ಎಟಿವಿಯ ಹಿಂಭಾಗ ಕುಸಿಯುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ಕಾಫಿ ತೋಟದಲ್ಲಿ ಗೊಬ್ಬರದ ಮೂಟೆ ಸಾಗಿಸುವ ನಮ್ಮ ಎಟಿವಿ (ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿ) ಹೊರೆ ಬಿದ್ದೊಡನೆ ಹಿಂದೆ ಕುಸಿಯುತ್ತದೆ, ಗುಂಡಿ ಸಿಕ್ಕಲ್ಲೆಲ್ಲ ತಳ ತಟ್ಟುತ್ತದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ಸ್ಪ್ರಿಂಗ್ ಬಿಗಿಗೊಳಿಸುವ ಮುನ್ನ ಶಾಕ್ ಅಬ್ಸಾರ್ಬರ್ (ಸ್ಪ್ರಿಂಗಿನ ಕುಣಿತವನ್ನು ಎಣ್ಣೆಯಿಂದ ತಡೆಯುವ ಕೊಳವೆ) ನೋಡಿ ಎಂದವರಿಗೆ ಮನಸಾರೆ ವಂದನೆ.

ಹಿಂದಿನ ಕ್ಯಾರಿಯರನ್ನು ಒತ್ತಿ ಬಿಟ್ಟರೆ ಗಾಡಿ ಒಮ್ಮೆ ಎದ್ದು ನಿಲ್ಲಬೇಕು. ನಮ್ಮದು ತೂಗಾಡುತ್ತಲೇ ಇತ್ತು. ಕೆಸರು ತೊಳೆದಾಗ ಎಡಗಡೆಯ ಶಾಕ್‌ನ ರಾಡ್ ಸುತ್ತ ಎಣ್ಣೆ ಜಿನುಗಿ, ಅದಕ್ಕೆ ದೂಳು ಮೆತ್ತಿ ಕರಿ ಉಂಗುರವೇ ಆಗಿರುವುದು ಕಂಡಿತು. ಎಣ್ಣೆ ಹೊರಬರದಂತೆ ತಡೆಯುವ ಸೀಲ್ ಹೋದ ಮೇಲೆ ಸ್ಪ್ರಿಂಗನ್ನು ಎಷ್ಟು ಬಿಗಿದರೂ ಈ ತೂಗಾಟ ನಿಲ್ಲುವುದಿಲ್ಲ. ಎರಡೂ ಬದಿಗೆ ಹೊಸ ಶಾಕ್ ಹಾಕಿಸಿದೆ. ದಯವಿಟ್ಟು ಯಾರೂ ಒಂದೇ ಬದಿಯದನ್ನು ಬದಲಿಸಿ ಉಳಿತಾಯ ಮಾಡಲು ಹೋಗಬೇಡಿ. ಇಳಿಜಾರಿನಲ್ಲಿ ಅದು ಅಪಾಯ.

ಆಮೇಲೆ ಪ್ರೀಲೋಡ್, ಅಂದರೆ ಹೊರೆ ಬೀಳುವ ಮೊದಲೇ ಸ್ಪ್ರಿಂಗಿಗೆ ಕೊಡುವ ಬಿಗಿತ. ಚಕ್ರ ನೆಲ ಬಿಡುವಂತೆ ಜ್ಯಾಕ್ ಕೊಟ್ಟು, ಕೊಕ್ಕೆ ಸ್ಪ್ಯಾನರಿನಿಂದ ಎರಡೂ ಕಡೆಯ ಹೊಂದಾಣಿಕೆ ಬಳೆಯನ್ನು ಒಂದೊಂದೇ ಹಂತ ಸಮನಾಗಿ ಏರಿಸಿದೆವು. ಸವಾರ ಕುಳಿತಾಗ ಗಾಡಿಯ ಹಿಂಭಾಗ, ಅದು ಮೇಲೆ ಕೆಳಗೆ ಆಡುವ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗ ಇಳಿದರೆ ಸರಿ. ಪ್ರೀಲೋಡ್ ಎತ್ತರವನ್ನು ಸರಿಪಡಿಸುತ್ತದೆಯೇ ಹೊರತು ಸ್ಪ್ರಿಂಗಿನ ಗಡಸುತನವನ್ನು ಹೆಚ್ಚಿಸುವುದಿಲ್ಲ. ಹೊರೆ ಇನ್ನೂ ಹೆಚ್ಚಾದರೆ ಗಡಸು ಸ್ಪ್ರಿಂಗೇ ಬೇಕು.

ಈಗ ಮೂಟೆ ಹೊತ್ತರೂ ತಳ ತಟ್ಟುತ್ತಿಲ್ಲ. ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ಆರ್ಮ್‌ನ ಬುಶ್ (ಕೀಲಿನೊಳಗಿನ ಬಳೆ) ಸ್ವಲ್ಪ ಸಡಿಲವಾಗಿದೆ. ಮಳೆಗಾಲಕ್ಕೆ ಮುಂಚೆ ಅದನ್ನೂ ಬದಲಿಸುತ್ತೇನೆ.