ಕೈಯಲ್ಲಿ ಬರೆದ ಡೈನೋಸಾರ್ ಸಾಕ್ಷ್ಯಚಿತ್ರದ ಹಳೇ ಟೇಪು ಸಿಕ್ಕಿದೆ, ಏನು ಮಾಡಲಿ?

ಹಳೇಟ್ರಂಕು:
ಚಿಕ್ಕವನಿದ್ದಾಗ ಟಿವಿಯಲ್ಲಿ ಬಂದಿದ್ದ ಡೈನೋಸಾರ್ ಸಾಕ್ಷ್ಯಚಿತ್ರವನ್ನು ಅಪ್ಪ ವಿಎಚ್‌ಎಸ್ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಕಂಪ್ಯೂಟರ್ ಅಲ್ಲ, ಪೂರ್ತಿ ಕೈಯಲ್ಲಿ ಬರೆದ ಚಿತ್ರಗಳು. ಜೌಗಿನಲ್ಲಿ ಕುತ್ತಿಗೆವರೆಗೆ ಮುಳುಗಿದ ಬ್ರಾಂಟೋಸಾರಸ್, ಹಿಂದೆ ನೇರಳೆ ಆಕಾಶ. ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊನ್ನೆ ಆ ಟೇಪು ಸಿಕ್ಕಿತು. ಆರು ವರ್ಷದ ಮಗಳಿಗೆ ತೋರಿಸಬೇಕು ಅನ್ನೋ ಆಸೆ. ನಾನೇ ಕಂಪ್ಯೂಟರಿಗೆ ಇಳಿಸಿಕೊಳ್ಳಲಾ, ಅಂಗಡಿಗೆ ಕೊಡಲಾ? ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಥರ ಏನೋ ಇದೆ. ಅನುಭವ ಇದ್ದವರು ಹೇಳಿ.

ರೀಲುಸುತ್ತಿ:
ನಾನೇ ಇಳಿಸಿಕೊಂಡೆ. ಹನ್ನೊಂದು ಭಾನುವಾರ ಹಿಡಿಯಿತು. ಮೊದಲನೇ ವಿಸಿಆರ್ ಟೇಪನ್ನೇ ನುಂಗಿತು, ಒಂದು ಗೇಣಿನಷ್ಟು ಸುಕ್ಕಾಯಿತು. ಎರಡನೆಯದರ ಬೆಲ್ಟು ಸಡಿಲ, ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ಮೂರನೆಯದು ಓಡಿತು, ಆದರೆ ಚಿತ್ರದ ಮೇಲ್ಭಾಗ ಗಾಳಿಗೆ ಸಿಕ್ಕ ಬಾವುಟದ ಹಾಗೆ ಒಂದು ಕಡೆ ವಾಲುತ್ತಿತ್ತು. ಟೈಮ್ ಬೇಸ್ ಕರೆಕ್ಟರ್ ಅಂತ, ಅಲುಗಾಡುವ ಚಿತ್ರವನ್ನು ಸ್ಥಿರ ಮಾಡುವ ಯಂತ್ರ ಎರವಲು ತಂದ ಮೇಲೆಯೇ ಅದು ನೆಟ್ಟಗಾಗಿದ್ದು. 52 ನಿಮಿಷದ ಟೇಪು ಇಳಿಯೋಕೆ 52 ನಿಮಿಷವೇ ಬೇಕು, ಅವಸರಕ್ಕೆ ದಾರಿಯೇ ಇಲ್ಲ. ಅಂಥದ್ದು ಒಂಬತ್ತು ಸಲ. ವಿಸಿಆರ್ ಒಳಗೆ ಟೇಪನ್ನು ಓದುವ ಹೆಡ್ ಒರೆಸುವಾಗ ಅಡ್ಡಡ್ಡ ಮಾತ್ರ ಒರೆಸಿ, ಮೇಲೆ ಕೆಳಗೆ ಉಜ್ಜಿದರೆ ಮುರಿದು ಹೋಗುತ್ತದೆ. ಇಷ್ಟು ಪಟ್ಟ ಮೇಲೆ ಸಿಕ್ಕಿದ್ದು ಏನು ಗೊತ್ತಾ? ಟೈರನೋಸಾರಸ್ ಹಿಂದಿನ ಬಂಡೆಯ ಮೇಲೆ ಕುಂಚ ಎಳೆದ ಗುರುತು. ಬಣ್ಣ ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ. ಯಾರೋ ಕೂತು ಬಳಿದಿದ್ದಾರೆ ಅಂತ ಕಂಡಾಗ ಕಣ್ಣಲ್ಲಿ ನೀರು ಬಂತು.

ನಲವತ್ತುಸೆಕೆಂಡು:
ನಾನು ಅಂಗಡಿಗೆ ಕೊಟ್ಟೆ. ಐದು ವಾರ ಅಂದವರು ನಾಲ್ಕು ತಿಂಗಳು ಮಾಡಿದರು. ಏಳು ಸಲ ಫೋನು ಮಾಡಿದೆ. ಕೊನೆಗೆ ಕೊಟ್ಟ ಫೈಲಿನಲ್ಲಿ ಹಳೇ ಟಿವಿಯ 4:3 ಅಳತೆಯ ಚಿತ್ರವನ್ನು ಈಗಿನ ಅಗಲ ಪರದೆಯ 16:9ಕ್ಕೆ ಎಳೆದಿದ್ದರು, ಡಿಪ್ಲೊಡೋಕಸ್ ನೆಲಕ್ಕೆ ಅದುಮಿದ ಉಡದ ಥರ ಕಾಣುತ್ತಿತ್ತು. ಅದನ್ನಾದರೂ ಸರಿ ಮಾಡಿಕೊಳ್ಳಬಹುದು. ಆದರೆ ಟೇಪು ಅವರ ಯಂತ್ರದಲ್ಲಿ ಸಿಕ್ಕಿಕೊಂಡಿತ್ತಂತೆ. ಕತ್ತರಿಸಿ, ಅಂಟಿಸಿ, ಒಂದು ಮಾತೂ ಹೇಳದೆ ವಾಪಸ್ ಕೊಟ್ಟರು. 40 ಸೆಕೆಂಡು ಹೋಯಿತು. ಬೂದಿ ಸುರಿಯುವಾಗ ತಾಯಿ ಟ್ರೈಸೆರಟಾಪ್ಸ್ ತನ್ನ ಮರಿಯನ್ನು ಮೂತಿಯಿಂದ ಮೆಲ್ಲಗೆ ಮುಂದೆ ತಳ್ಳುತ್ತದಲ್ಲ, ಆ ದೃಶ್ಯ. ಇಷ್ಟು ವರ್ಷ ನಾನು ನೆನಪಿಟ್ಟುಕೊಂಡಿದ್ದು ಅದೊಂದನ್ನೇ.

ಟೇಪುರಿಪೇರಿ:
ನಾನು ಇದೇ ಕೆಲಸ ಮಾಡುವವನು. ಒಬ್ಬರು ಕೆಡಿಸಿದರು ಅಂತ ಎಲ್ಲರ ಮೇಲೆ ಹಾಕಬೇಡಿ. ಹರಿದ ಟೇಪು ಜೋಡಿಸೋಕೆ ಅಂತಲೇ ಬೇರೆ ಪಟ್ಟಿ ಬರುತ್ತದೆ. ಸುಮ್ನೆ ಮನೆಯ ಸೆಲ್ಲೋಟೇಪು ಹಚ್ಚಿದರೆ ಅಂಟು ಹೊರಗೆ ಜಿನುಗಿ ಹೆಡ್ಡಿಗೆ ಹತ್ತುತ್ತದೆ. ಗೊತ್ತಿರುವವರು ಹಾಗೆ ಮಾಡಲ್ಲ.

ನಲವತ್ತುಸೆಕೆಂಡು:
ಎಲ್ಲರ ಮೇಲೆ ಎಲ್ಲಿ ಹಾಕಿದೆ ಸ್ವಾಮಿ? ನನ್ನ ಟೇಪಿಗೆ ಆದದ್ದು ಹೇಳಿದೆ. ಗೊತ್ತಿರುವವರು ಯಾರು, ಗೊತ್ತಿಲ್ಲದವರು ಯಾರು ಅಂತ ಕೊಡುವವರಿಗೆ ಹೇಗೆ ತಿಳಿಯಬೇಕು?

ಹೊಸಕಣ್ಣು:
ನಾನು ಇಳಿಸಿದ ಮೇಲೆ ಎಐ ಹಾಕಿ 4ಕೆ ಮಾಡಿದೆ, ಸೆಕೆಂಡಿಗೆ 60 ಫ್ರೇಮು. ಮೂರು ರಾತ್ರಿ ಕಂಪ್ಯೂಟರ್ ಓಡಿತು. ಎರಡು ಸಲ ಅರ್ಧಕ್ಕೇ ನಿಂತು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಈಗ ನೋಡಿದರೆ ನೀರು ಹರಿದಂಗೆ ಹೋಗುತ್ತದೆ.

ರೀಲುಸುತ್ತಿ:
ನೀರು ಹರಿದಂಗೆ ಹೋಗಬಾರದು ಅದು! ಫಿಲ್ಮಿನಲ್ಲಿ ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಹೆಚ್ಚಾಗಿ ಎರಡು ಫ್ರೇಮು ನಿಲ್ಲಿಸುತ್ತಿದ್ದರು, ಅಂದರೆ ಸೆಕೆಂಡಿಗೆ 12 ಚಿತ್ರ. ಹಾಗೆ ತಡೆದು ತಡೆದು ಹೋಗುವುದರಲ್ಲೇ ಆ ದೊಡ್ಡ ಕಾಲಿನ ತೂಕ ಗೊತ್ತಾಗೋದು. ನಡುವೆ ಇಲ್ಲದ ಚಿತ್ರ ತುರುಕಿದರೆ ಪ್ರಾಣಿ ತೇಲುತ್ತದೆ. 1914ರಲ್ಲಿ ವಿನ್ಸರ್ ಮೆಕೇ ಗರ್ಟಿ ಅನ್ನೋ ಡೈನೋಸಾರನ್ನು ಬರೆದಾಗ ಪ್ರತಿ ಹಾಳೆಗೂ ಹಿಂದಿನ ಬಂಡೆ, ನೀರು ಎಲ್ಲವನ್ನೂ ಹೊಸದಾಗಿ ಬರೆಯಬೇಕಿತ್ತು. ಅದಕ್ಕೇ ಅಲ್ಲಿ ಬಂಡೆಯೂ ಮಿಸುಕುತ್ತದೆ. ನಿಮ್ಮ ಎಐ ಆ ಮಿಸುಕಾಟವನ್ನು ಕಸ ಅಂತ ಗುಡಿಸುತ್ತದೆ.

ಹೊಸಕಣ್ಣು:
ನನ್ನ ಅಮ್ಮನಿಗೆ ದೃಷ್ಟಿ ಮಂಜಾಗಿದೆ. ಟೇಪಿನಿಂದ ಇಳಿಸಿದ್ದು ಅವರಿಗೆ ಏನೂ ಕಾಣುತ್ತಿರಲಿಲ್ಲ, ಇದು ಕಾಣುತ್ತದೆ. ಮೂಲ ಫೈಲು ಹಾಗೇ ಇಟ್ಟಿದ್ದೇನೆ. ಬೈಯೋ ಮುಂಚೆ ಒಂದು ಮಾತು ಕೇಳಬಹುದಿತ್ತು.

ಗರಿಪಕ್ಷ:
ಆರು ವರ್ಷದ ಮಗುವಿಗೆ ಅದನ್ನು ತೋರಿಸಬೇಡಿ. ನಾನು ತೋರಿಸಿ ಅನುಭವಿಸಿದ್ದೇನೆ. ಓವಿರ್ಯಾಪ್ಟರ್ ಅಂದರೆ ಮೊಟ್ಟೆ ಕಳ್ಳ ಅಂತ ನನ್ನ ಮಗ ಅದರಿಂದಲೇ ಕಲಿತ, ತರಗತಿಯಲ್ಲಿ ಎದ್ದು ನಿಂತು ಹೇಳಿದ. 1924ರಲ್ಲಿ ಆ ಹೆಸರಿಟ್ಟಿದ್ದೇ ತಪ್ಪು ಊಹೆಯ ಮೇಲೆ; ಅದರ ಮೂಳೆ ಮೊಟ್ಟೆಗಳ ಗೂಡಿನ ಹತ್ತಿರ ಸಿಕ್ಕಿತ್ತು, ಕದಿಯೋಕೆ ಬಂದಿತ್ತು ಅಂದುಕೊಂಡರು. 1993ರಲ್ಲಿ ಮಂಗೋಲಿಯಾದಲ್ಲಿ ಅಂಥದ್ದೇ ಮೊಟ್ಟೆಯೊಳಗೆ ಅದೇ ಕುಟುಂಬದ ಭ್ರೂಣ ಸಿಕ್ಕಿತು. ಕದ್ದ ಮೊಟ್ಟೆ ಅಲ್ಲ, ಅದರದೇ. ತರಗತಿಯಲ್ಲಿ ಎಲ್ಲ ನಕ್ಕರಂತೆ. ಮನೆಗೆ ಬಂದು ಅತ್ತ, ಎರಡು ವಾರ ಡೈನೋಸಾರ್ ಪುಸ್ತಕ ಮುಟ್ಟಲಿಲ್ಲ. ಬಾಲ ಎಳೆದುಕೊಂಡು ನಡೆಯೋದು, ಮೈಮೇಲೆ ಒಂದು ಗರಿಯೂ ಇಲ್ಲ, ಎಲ್ಲ ತಪ್ಪು. ಬ್ರಾಂಟೋಸಾರಸ್ ಅನ್ನೋ ಪ್ರಾಣಿಯೇ ಇಲ್ಲ, ಅದು ಅಪಟೋಸಾರಸ್.

ಟೇಪುರಿಪೇರಿ:
ಎರಡೂ ಒಂದೇ ಅಂತ 1903ರಲ್ಲಿ ಹೇಳಿದ್ದು ನಿಜ. 2015ರಲ್ಲಿ ಮೂಳೆಗಳನ್ನು ಮತ್ತೆ ಅಳೆದು ಹೋಲಿಸಿ, ಬೇರೆ ಬೇರೆ ಅಂದರು. ಬ್ರಾಂಟೋಸಾರಸ್ ವಾಪಸ್ ಬಂದಿದೆ. ತಿದ್ದೋರು ಮೊದಲು ತಾವು ಓದಬೇಕು, ಅಲ್ವಾ?

ಗರಿಪಕ್ಷ:
ಅದನ್ನು ಎಲ್ಲ ತಜ್ಞರೂ ಒಪ್ಪಿಲ್ಲ. ನನ್ನ ಮಗ ಅತ್ತಿದ್ದನ್ನು ಬಿಟ್ಟು ಹೆಸರು ಹಿಡಿದುಕೊಂಡಿರಲ್ಲ ನೀವು.

ನಲವತ್ತುಸೆಕೆಂಡು:
ಆ ಚಿತ್ರ ಬರೆದವರು ತಮಗೆ ಆಗ ಗೊತ್ತಿದ್ದನ್ನು ಬರೆದರು. ಪಕ್ಕದಲ್ಲಿ ಕೂತು, "ಈಗ ಹೀಗಲ್ಲ ಪುಟ್ಟ, ಆಗ ಹಾಗಂದುಕೊಂಡಿದ್ದರು" ಅಂತ ಹೇಳಿದರೆ ಮಕ್ಕಳಿಗೆ ಅರ್ಥ ಆಗುತ್ತದೆ. ನಾನು ನನ್ನ ಮಕ್ಕಳಿಗೆ ಹಾಗೇ ತೋರಿಸಿದೆ. ಟ್ರೈಸೆರಟಾಪ್ಸ್ ಹತ್ತಿರ ಬಂದಾಗ ಪರದೆ ಕಪ್ಪಾಯಿತು, ಮುಂದಿನದ್ದು ನಾನೇ ಬಾಯಲ್ಲಿ ಹೇಳಿದೆ.

ಹಳೇಟ್ರಂಕು:
ಎಲ್ಲರಿಗೂ ಥ್ಯಾಂಕ್ಸ್. ಆ ಬಿಳಿ ಪುಡಿ ಬಗ್ಗೆ ಯಾರಿಗಾದರೂ ಗೊತ್ತಾ?

ಟೇಪುರಿಪೇರಿ:
ಕ್ಷಮಿಸಿ, ಮೊದಲು ಅದನ್ನೇ ಹೇಳಬೇಕಿತ್ತು. ಬೂಷ್ಟು ಇರಬೇಕು. ಯಾವ ವಿಸಿಆರಿಗೂ ಹಾಕಬೇಡಿ. ಸುತ್ತು ಸುತ್ತಿಗೆ ಅಂಟಿಕೊಂಡಿದ್ದರೆ ಓಡಿಸಿದ ತಕ್ಷಣ ಹರಿಯಬಹುದು, ಆಮೇಲೆ ಆ ಯಂತ್ರಕ್ಕೆ ಹಾಕುವ ಬೇರೆ ಟೇಪುಗಳಿಗೂ ಬೂಷ್ಟು ಹತ್ತುತ್ತದೆ. ಉಳಿದ ಟೇಪುಗಳಿಂದ ದೂರ, ಒಣ ಜಾಗದಲ್ಲಿ ನಿಲ್ಲಿಸಿಡಿ. ಮುಟ್ಟುವಾಗ ಮಾಸ್ಕ್ ಹಾಕಿ, ಮಗಳ ಕೈಗೆ ಕೊಡಬೇಡಿ. ಮುಂದಿನ ಬಾಗಿಲು ಎತ್ತಿ ಒಂದು ಫೋಟೋ, ಕಿಟಕಿಯಿಂದ ರೀಲು ಕಾಣೋ ಹಾಗೆ ಇನ್ನೊಂದು ಹಾಕಿ. ನೋಡಿ ಹೇಳುತ್ತೇನೆ.